ಚಿಗವ್ವನ ಚಂಚಿಯ ಗುಳಿಗೆ

ಶಹಾಪುರದ ಕಡೆಗೆ ಕಾಲುವೆ ನೀರು ಬಂದ ಮೇಲೆ ನಮ್ಮೂರ ಹೆಂಗಸರ ಬಗ್ಗಿದ ನಡ ಮತ್ತೆ ನೆಟ್ಟಗಾಗಲಿಲ್ಲ. ಜೋಳದ ಹೊಲಕ್ಕೆ ಭತ್ತ ಬಂತು. ಕೆಸರಿನಲ್ಲಿ ನಿಂತು ಹೊತ್ತು ಮುಳುಗುವ ತನಕ ಸಸಿ ಹಚ್ಚಬೇಕು. ಅವ್ವ ಮತ್ತು ಅವಳ ತಂಗಿ, ನಮ್ಮ ಚಿಗವ್ವ, ಟಂಟಂ ಆಟೋ ಹತ್ತಿ ಸುರಪುರದ ಕಡೆಯವರೆಗೂ ಹೋಗುತ್ತಿದ್ದರು. ಬೆಳಿಗ್ಗೆ ಚಹಾದ ಜೊತೆ ಒಂದು ನೋವಿನ ಗುಳಿಗೆ, ಬುತ್ತಿ ಉಂಡ ಮೇಲೆ ಇನ್ನೊಂದು. ಕಿರಾಣಿ ಅಂಗಡಿಯಲ್ಲೇ ಸಿಗುತ್ತಿತ್ತು. ಎಲೆ ಅಡಿಕೆಯ ಚಂಚಿಯಲ್ಲಿ ಅದಕ್ಕೂ ಜಾಗ. ಎಲೆ ಕೊಟ್ಟ ಹಾಗೆ ಒಬ್ಬರಿಗೊಬ್ಬರು ಕೊಡುತ್ತಿದ್ದರು. ಅದನ್ನು ಔಷಧ ಅಂತ ಯಾರೂ ತಿಳಿದಿರಲಿಲ್ಲ.

ಅವ್ವನ ಬಿಪಿ ಇಳಿಯಲೇ ಇಲ್ಲವೆಂದು ಕಲಬುರಗಿಗೆ ಕರೆದೊಯ್ದಾಗ ಗೊತ್ತಾಯಿತು: ಎರಡೂ ಕಿಡ್ನಿಗೆ ರಕ್ತ ಒಯ್ಯುವ ನಾಳಗಳು ಕಿರಿದಾಗಿವೆ. ಎಡಗಡೆಯ ಕಿಡ್ನಿ ಆಗಲೇ ಒಣಗಿ ಹೋಗಿತ್ತು. ಬಲಗಡೆಯದನ್ನು ಸ್ಟೆಂಟ್ ಹಾಕಿ ಉಳಿಸಿಕೊಳ್ಳಬೇಕಿತ್ತು.

"ನಾಳ ಕಾಣಾಕ ಬಣ್ಣದ ಔಷಧ ಬಿಡ್ತೀವ್ರಿ. ಅದೇ ಕಿಡ್ನಿಗಿ ಪೆಟ್ಟು ಕೊಡಬಹುದು. ಅದಕ್ಕ ಮೊದಲೇ ಸಲೈನ್ ಹಚ್ತೀವಿ, ಬಣ್ಣ ಕಡಿಮಿ ಬಿಡ್ತೀವಿ. ನೋವಿನ ಗುಳಿಗಿ ಮಾತ್ರ ಒಂದೂ ಕೊಡಬ್ಯಾಡ್ರಿ," ಎಂದರು ಡಾಕ್ಟರು.

ನಾನು ಯಾದಗಿರಿಯ ಕಚೇರಿಯೊಂದರಲ್ಲಿ ಕ್ಲರ್ಕು. ಹೇಳಿದ್ದು ಹೇಳಿದ ಹಾಗೆ ಆಗಬೇಕು ನನಗೆ. ಅವ್ವನ ಚಂಚಿ ಕಸಿದು ಅಡಿಕೆ ಸಮೇತ ಎಸೆದೆ.

"ನೀ ನನ್ನ ಮಗಳೇನ, ಫೌಜದಾರೇನ?" ಎಂದು ಬೈದಳು.

ಸ್ಟೆಂಟ್ ಸರಿಯಾಗಿ ಕೂತಿತು. ರಕ್ತ ಚೆನ್ನಾಗಿ ಹರಿಯುತ್ತಿದೆ ಅಂದಾಗ ನಾನು ಅಲ್ಲೇ ಅತ್ತುಬಿಟ್ಟೆ.

ತೊಡೆಯಿಂದ ನಳಿಕೆ ತೂರಿಸಿದ್ದರಿಂದ ಅವ್ವ ಕಾಲು ಮಡಚದೆ ಅಂಗಾತ ಮಲಗಬೇಕಿತ್ತು. ಸವೆದ ನಡ, ಕೇಳುತ್ತದೆಯೇ? ಹಲ್ಲು ಕಚ್ಚಿ ನರಳಿದಳು. ಊರಿಂದ ಬಂದ ಚಿಗವ್ವನನ್ನು ಹತ್ತಿರ ಕೂಡಿಸಿ ನಾನು ಔಷಧ, ರಿಪೋರ್ಟು ಅಂತ ಓಡಾಡುತ್ತಿದ್ದೆ. ನೀರು ಎಷ್ಟು, ಉಪ್ಪು ಎಷ್ಟು, ಎಲ್ಲ ಅವಳಿಗೆ ಹೇಳಿದ್ದೆ. ಗುಳಿಗೆಯ ಮಾತು ಹೇಳಿರಲಿಲ್ಲ. ಅವ್ವನ ಚಂಚಿ ಎಸೆದವಳಿಗೆ ಚಿಗವ್ವನ ಸೊಂಟದಲ್ಲೂ ಒಂದು ಚಂಚಿ ಇದೆ ಅನ್ನುವುದು ಹೊಳೆಯಲೇ ಇಲ್ಲ.

ಮೂರನೆಯ ದಿನಕ್ಕೆ ಮೂತ್ರದ ಚೀಲ ತುಂಬುವುದು ನಿಂತಿತು. ಮುಖ ಬಾತಿತು. ನೋವಿನ ಗುಳಿಗೆ ಏನಾದರೂ ಕೊಟ್ಟಿರಾ ಎಂದು ಡಾಕ್ಟರು ಕೇಳಿದರೆ, "ಇಲ್ರಿ, ಸಾಧ್ಯನೇ ಇಲ್ಲ" ಎಂದು ಎದೆ ಸೆಟೆಸಿ ಹೇಳಿದೆ. ಚಿಗವ್ವ ಆಗ ಚಹಾ ತರಲು ಹೋಗಿದ್ದಳು.

ಡಾಕ್ಟರು ಅತ್ತ ಹೋದ ಮೇಲೆ ಅವ್ವ ನನ್ನ ಕೈ ಹಿಡಿದಳು. "ಎರಡು ದಿನ ನಿಮ್ಮ ಚಿಗವ್ವ ಗುಳಿಗಿ ಕೊಟ್ಟಳು, ನಾ ನುಂಗಿದೆ. ನೋವು ತಡೀಲಾಕ ಆಗಲಿಲ್ಲವ್ವ. ಆಕಿಗಿ ಹೇಳಬ್ಯಾಡ. ಜೀವ ಕಳ್ಕೋತಾಳ."

ಡಾಕ್ಟರಿಗೆ ಹೋಗಿ ಹೇಳಿದೆ. ಬಣ್ಣದಿಂದಲೋ, ಗುಳಿಗೆಯಿಂದಲೋ, ಎರಡೂ ಸೇರಿಯೋ, ಈಗ ಹೇಳಲಾಗದು ಅಂದರು. ನಾನು ಯಾರ ಮೇಲೆ ಸಿಟ್ಟು ಮಾಡಲಿ? ನನ್ನ ಸಿಟ್ಟಿಗೆ ಬೆಂಕಿ ಬೀಳಲಿ, ಅದೂ ಆ ದಿನ ಕೈಗೆ ಬರಲಿಲ್ಲ.

ಕಿಡ್ನಿ ಮತ್ತೆ ಏಳಲಿಲ್ಲ. ವಾರಕ್ಕೆರಡು ಸಲ ಡಯಾಲಿಸಿಸ್ ಶುರುವಾಯಿತು. ಚಿಗವ್ವ ಕೂಲಿ ಬಿಟ್ಟು ಪ್ರತಿ ಸಲವೂ ಬಸ್ಸಿನಲ್ಲಿ ಜೊತೆಗೆ ಬರುವಳು. ದಾರಿಯುದ್ದಕ್ಕೂ ಡಾಕ್ಟರಿಗೆ ಶಾಪ: "ಚಲೋ ಇದ್ದ ನಮ್ಮಕ್ಕನ್ನ ಹಾಳ ಮಾಡಿದ, ಅವನ ಕೈ ಸೇದಿ ಹೋಗಲಿ!" ಅವ್ವ ಕಿಟಕಿಯ ಕಡೆ ಮುಖ ಮಾಡುವಳು. ನಾನು ಟಿಕೆಟ್ಟಿನ ಚಿಲ್ಲರೆ ಎಣಿಸುತ್ತಿದ್ದೆ.

ಒಂದು ಬೆಳಿಗ್ಗೆ ನಮ್ಮ ಮನೆಯ ಕಟ್ಟೆಯ ಮೇಲೆ ಚಿಗವ್ವ ಚಹಾ ಇಟ್ಟುಕೊಂಡು ಚಂಚಿಯಿಂದ ಗುಳಿಗೆ ತೆಗೆದಳು. ನನಗೆ ತಡೆಯಲಾಗಲಿಲ್ಲ, ರಟ್ಟೆ ಹಿಡಿದೆ.

"ಬ್ಯಾಡ ಚಿಗವ್ವ. ಇದರಿಂದ ಕಿಡ್ನಿ ಹೋಗತಾವ."

"ಅಯ್ಯ, ಇಷ್ಟು ಸಣ್ಣ ಗುಳಿಗಿಂದ?" ಎಂದು ನಕ್ಕಳು. ನಗು ಅರ್ಧಕ್ಕೇ ನಿಂತಿತು. ಅಂಗೈಯಲ್ಲಿದ್ದ ಗುಳಿಗೆ ನೋಡಿದಳು, ಒಳಗೆ ಮಲಗಿದ್ದ ಅವ್ವನನ್ನು ನೋಡಿದಳು.

"ಹಂಗಾದ್ರ, ನಾ ಅಕ್ಕಗ ಕೊಟ್ಟಿದ್ದು?"

ಸುಳ್ಳು ಹೇಳಬೇಕೆಂದು ಬಾಯಿ ತೆರೆದೆ. ಬಂದದ್ದು ಒಂದೇ ಮಾತು: "ತಪ್ಪು ನಂದು ಚಿಗವ್ವ, ನಾನೇ ನಿನಗ ಹೇಳಿರಲಿಲ್ಲ."