ಸೋಮಾರಿಯಲ್ಲ, ಬೆಳೆಯುತ್ತಿದ್ದಾಳೆ

ಬೆಳಗಿನ ಐದೂ ಮುಕ್ಕಾಲು. ಮೈದಾನದ ದೀಪಗಳು ಇನ್ನೂ ಆರಿಲ್ಲ. ಹದಿನಾರು ಮಕ್ಕಳು ಮೊಣಕಾಲೆತ್ತರವೂ ಇಲ್ಲದ ಒಂದು ಸಿಮೆಂಟ್ ಕಟ್ಟೆಯ ಮೇಲಿಂದ ಒಬ್ಬರಾದ ಮೇಲೊಬ್ಬರು ಕೆಳಕ್ಕೆ ಹಾರುತ್ತಿದ್ದಾರೆ. ಅವರಿಗೆ ತರಬೇತಿ ಕೊಡುವ ಹೆಂಗಸು ಮಾತ್ರ ಅವರತ್ತ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ, ಕಣ್ಣು ಮುಚ್ಚಿ ನಿಂತಿದ್ದಾರೆ. ನೋಡಿದರೆ ಶಿಕ್ಷೆ ಅನುಭವಿಸುತ್ತಿರುವುದು ಅವರೇ ಅನ್ನಿಸಬೇಕು. ಆದರೆ ಅವರು ಕೇಳಿಸಿಕೊಳ್ಳುತ್ತಿದ್ದಾರೆ.

"ಐದನೇದು ಯಾರು? ಆನೆ ಬಂತಾ?"

ಮಕ್ಕಳು ಕಿಸಕ್ಕನೆ ನಗುತ್ತಾರೆ.

"ಬೆಕ್ಕಿನ ಹಾಗೆ ಇಳೀರಿ ಅಂದಿದ್ದೆ. ನೀವು ನೆಲ ಮುಟ್ಟಿದ್ದು ನನಗೆ ಕೇಳಿಸ್ಲೇಬಾರ್ದು. ಹ್ಞೂ, ಮುಂದೆ."

ಒಂಬತ್ತನೆಯ ಸದ್ದಿಗೆ ಅವರು ತಟ್ಟನೆ ತಿರುಗುತ್ತಾರೆ. ಅಲ್ಲಿ ನಿಂತಿರುವುದು ಹನ್ನೆರಡು ವರ್ಷದ, ಮೈಯೆಲ್ಲ ಕಾಲೇ ಆಗಿರುವ ಹುಡುಗಿ. ಗೆಳತಿಯರು ಅವಳನ್ನು 'ಕೊಕ್ಕರೆ' ಎಂದು ಕರೆಯುತ್ತಾರೆ.

"ಎಡಗಾಲು ಕಾಯ್ಕೊಂಡು ಇಳಿದೆ ನೀನು. ನೋವಾ?"

"ಇಲ್ಲ ಟೇಪಕ್ಕ."

"ಸುಳ್ಳು ಹೇಳೋಕೆ ಬಾಯಿಗೆ ಬರುತ್ತೆ, ಕಾಲಿಗೆ ಬರಲ್ಲ ಕಣೇ. ಬಾ ಈ ಕಡೆ, ಕೂತ್ಕೋ."

ಕೊರಳಲ್ಲಿ ಯಾವಾಗಲೂ ಅಳತೆಯ ಟೇಪು ನೇತಾಡುವುದರಿಂದ ಮಕ್ಕಳ ಬಾಯಲ್ಲಿ ಅವರು ಟೇಪಕ್ಕ. ವಯಸ್ಸು ನಲವತ್ತಾರು. ಈ ಫುಟ್‌ಬಾಲ್ ಕ್ಲಬ್ಬಿನಲ್ಲಿ ಒಂಬತ್ತರಿಂದ ಹದಿನಾರರವರೆಗಿನ ಅರವತ್ತನಾಲ್ಕು ಮಕ್ಕಳಿದ್ದಾರೆ. ಚೆಂಡು ಒದೆಯುವುದನ್ನು ಕಲಿಸಲು ಬೇರೆ ಕೋಚ್‌ಗಳಿದ್ದಾರೆ. ಯಾವ ಮಗು ಎಷ್ಟು ಓಡಬೇಕು, ಎಷ್ಟು ಹಾರಬೇಕು, ಯಾವಾಗ ಭಾರ ಎತ್ತಬಹುದು, ಎಲ್ಲಕ್ಕಿಂತ ಹೆಚ್ಚಾಗಿ ಯಾವಾಗ ನಿಲ್ಲಿಸಬೇಕು ಎಂದು ಒಂದೊಂದು ಮೈ ನೋಡಿ ತೀರ್ಮಾನಿಸುವುದು ಟೇಪಕ್ಕನ ಕೆಲಸ. ಹನ್ನೊಂದು ವರ್ಷದಿಂದ ಮಾಡುತ್ತಿದ್ದಾರೆ.

ಕ್ಲಬ್ಬಿನ ಬಾಗಿಲಲ್ಲಿ ದೊಡ್ಡದೊಂದು ಬೋರ್ಡಿದೆ. ಅಧ್ಯಕ್ಷರು, ಉಪಾಧ್ಯಕ್ಷರು, ಕೋಚ್‌ಗಳು ಎಲ್ಲರ ಹೆಸರೂ ಫೋಟೋ ಸಮೇತ ಅಲ್ಲಿವೆ. ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ 'ಇತರೆ ಸಿಬ್ಬಂದಿ: ೪' ಎಂದಿದೆ. ಗೇಟ್ ಕಾಯುವವರು, ಹುಲ್ಲು ಕತ್ತರಿಸುವವರು, ಸಮಿತಿ ಕೋಣೆಯ ಜವಾನರು ಮತ್ತು ಟೇಪಕ್ಕ. "ಇತರೆ ಅಂದ್ರೆ ಇತರೆ. ನಾಲ್ವರೂ ಒಟ್ಟಿಗಾದ್ರೂ ಇದ್ದೀವಲ್ಲ," ಎಂದು ಅವರು ನಗುತ್ತಾರೆ. ಅವರ ಬಗ್ಗೆ ಬರೆಯಲು ಬಂದ ನನಗೆ ನಗು ಬರುವುದಿಲ್ಲ. ಮೊದಲ ಬಸ್ಸಿಗೆ ಬರುವ ನಾಲ್ಕು ಮಕ್ಕಳು ಚಳಿಯಲ್ಲಿ ಹೊರಗೆ ನಿಲ್ಲಬಾರದೆಂದು ಗೇಟಿನವರು ಇಪ್ಪತ್ತು ನಿಮಿಷ ಮುಂಚೆಯೇ ಬೀಗ ತೆಗೆಯುತ್ತಾರೆ. ಹುಲ್ಲಿನವರು ತೇವ ಒರೆಸಿ ಕಟ್ಟೆಯ ಮೇಲೆ ಗೋಣಿ ಹಾಸುತ್ತಾರೆ. ಫೋಟೋ ಹಾಕಿಸಿಕೊಂಡವರಲ್ಲಿ ಒಬ್ಬರೂ ಆ ಹೊತ್ತಿಗೆ ಎದ್ದಿರುವುದಿಲ್ಲ.

ಪ್ರತಿ ತಿಂಗಳ ಮೊದಲ ಸೋಮವಾರ ಚೆಂಡು, ಬಲೆ ತುಂಬಿಟ್ಟ ಕೋಣೆಯಲ್ಲಿ ಅಳತೆ ನಡೆಯುತ್ತದೆ. ಮಗುವನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಒಂದು ಅಳತೆ, ಮರದ ಸ್ಟೂಲಿನ ಮೇಲೆ ಕೂರಿಸಿ ಇನ್ನೊಂದು. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಕಾಲಿನ ಉದ್ದ. "ಪಾದ ಮೊದ್ಲು, ಆಮೇಲೆ ಕಾಲು, ಕೊನೆಗೆ ಬೆನ್ನು. ಬೆಳೆಯೋದಕ್ಕೂ ಒಂದು ಸರದಿ ಇದೆ," ಎನ್ನುತ್ತಾರೆ. ಕಾಲು ಸರಸರನೆ ಉದ್ದವಾಗುವ ತಿಂಗಳುಗಳಲ್ಲಿ ಮೂಳೆ ಮುಂದೆ ಓಡುತ್ತದೆ, ಸ್ನಾಯು ಹಿಂದೆ ಬೀಳುತ್ತದೆ. ಮೊಣಕಾಲ ಕೆಳಗೆ, ಹಿಮ್ಮಡಿಯಲ್ಲಿ ಎಳೆತ ಶುರುವಾಗುತ್ತದೆ. ನಿನ್ನೆಯವರೆಗೆ ಹೇಳಿದ ಮಾತು ಕೇಳುತ್ತಿದ್ದ ಚೆಂಡು ಇಂದು ಕೇಳುವುದಿಲ್ಲ. "ಹೊಸ ಮನೆಗೆ ಬಂದೋರು ಕತ್ತಲಲ್ಲಿ ಸ್ವಿಚ್ ತಡಕಾಡ್ತಾರಲ್ಲ, ಹಾಗೆ. ಮನೆ ಅವರದ್ದೇ. ಆದ್ರೆ ಎಲ್ಲಿ ಏನಿದೆ ಅಂತ ಇನ್ನೂ ಗೊತ್ತಾಗಿರಲ್ಲ."

ಆದ್ದರಿಂದ ಟೇಪಕ್ಕನ ಗುಂಪುಗಳು ಹುಟ್ಟಿದ ದಿನಾಂಕ ನೋಡಿ ಮಾಡಿದವಲ್ಲ. ಪುಟ್ಟವರಿಗೆ ಮುಟ್ಟಾಟ, ಒಂಟಿ ಕಾಲಿನ ಓಟ, ಲಾಗ ಹಾಕುವುದು. ಅವರ ಮಟ್ಟಿಗೆ ಅದು ಆಟ, ಟೇಪಕ್ಕನ ಪುಸ್ತಕದಲ್ಲಿ ಅದೇ ಪಾಠ. ಭರದಿಂದ ಬೆಳೆಯುತ್ತಿರುವವರಿಗೆ ಹಾರುವುದು ಅರ್ಧಕ್ಕರ್ಧ ಕಡಿತ, ಬಿರುಸಿನ ಓಟದ ಮರುದಿನ ಬಿಡುವು, ಒಂಟಿ ಕಾಲಲ್ಲಿ ನಿಲ್ಲುವುದು, ನಿಧಾನವಾಗಿ ಕುಳಿತು ಏಳುವುದು. ಬೆಳವಣಿಗೆ ಒಂದು ಹದಕ್ಕೆ ಬಂದ ದೊಡ್ಡವರಿಗೆ ಮಾತ್ರ ಭಾರ, ಅದೂ ಮೊದಲ ಆರು ವಾರ ಬರೀ ಪೊರಕೆಯ ಕೋಲು. "ಮನೇಲಿ ಪೊರಕೆ ಕೊಟ್ರೆ ಮೂರು ಮಾರು ದೂರ ಓಡ್ತಾಳೆ, ಇಲ್ಲಿ ನೋಡಿ, ತಲೆ ಮೇಲೆ ಹೊತ್ಕೊಂಡಿದಾಳೆ," ಎಂದು ಒಬ್ಬ ತಾಯಿ ಬೇಲಿಯಾಚೆಯಿಂದ ಕೂಗುತ್ತಾರೆ. "ಬೆನ್ನು ನೆಟ್ಟಗಿಡೋದು ಬರ್ಲಿ ಬಿಡಿ, ಗುಡಿಸೋದು ತಾನಾಗೇ ಬರುತ್ತೆ," ಎನ್ನುತ್ತಾರೆ ಟೇಪಕ್ಕ.

ಇಷ್ಟೆಲ್ಲ ಯಾಕೆ ಎಂದು ಕೇಳಿದರೆ ಅವರು ತಮ್ಮ ಬಲ ಮೊಣಕಾಲನ್ನು ತೋರಿಸುತ್ತಾರೆ. ಅದು ಪೂರ್ತಿ ಮಡಚುವುದಿಲ್ಲ. ಹದಿಮೂರನೆಯ ವಯಸ್ಸಿನಲ್ಲಿ ಅವರು ತಮ್ಮ ತಂಡದ ಅತಿ ವೇಗದ ಓಟಗಾರ್ತಿ. ಅಂದಿನ ತರಬೇತುದಾರರು ಇವರ ಬೆನ್ನ ಮೇಲೆ ಇವರಿಗಿಂತ ದಪ್ಪನೆಯ ಹುಡುಗಿಯನ್ನು ಹೊರಿಸಿ ಮೈದಾನದ ಮೆಟ್ಟಿಲುಗಳನ್ನು ದಿನಕ್ಕೆ ಹತ್ತು ಸಲ ಹತ್ತಿಸುತ್ತಿದ್ದರಂತೆ. "ನೋವು ಅಂದೆ. ನಾಟಕ ಅಂದ್ರು. ಹದಿನೈದಕ್ಕೆ ನನ್ನ ಆಟ ಮುಗೀತು. ಅವರಿಗೆ ಆ ವರ್ಷ ಸನ್ಮಾನ ಆಯ್ತು." ಮುಂದೆ ದೈಹಿಕ ಶಿಕ್ಷಣದಲ್ಲಿ ಪದವಿ ಪಡೆದು, ಶಾಲೆಯೊಂದರಲ್ಲಿ ಕೆಲಸ ಮಾಡಿ ಇಲ್ಲಿಗೆ ಬಂದರು. ಎರಡು ಕೋಣೆಯ ಮನೆ, ಸರಕು ವ್ಯಾನ್ ಓಡಿಸುವ ಗಂಡ, ಶಾಲೆಗೆ ಹೋಗುವ ಒಬ್ಬ ಮಗ, ಅತ್ತೆ. ಹಳೆಯ ಅಳತೆ ಪುಸ್ತಕಗಳೆಲ್ಲ ಅತ್ತೆಯ ಟ್ರಂಕಿನಲ್ಲಿ, ಅವರ ಒಳ್ಳೆಯ ಸೀರೆಗಳ ಕೆಳಗೆ ಭದ್ರವಾಗಿವೆ. "ಊರ ಮಕ್ಕಳ ಎತ್ತರ ಎಲ್ಲಾ ಬಾಯಿಪಾಠ. ನಮ್ಮ ಹುಡುಗನ ಪ್ಯಾಂಟು ಗಿಡ್ಡ ಆಗಿದ್ದು ಹೇಳೋಕೆ ನಾನೇ ಬೇಕಾಯ್ತು," ಎಂದು ಅತ್ತೆ ಗೊಣಗುತ್ತಾರೆ. ಗೊಣಗುತ್ತಲೇ ಪುಸ್ತಕಗಳಿಗೆ ಹೊಸ ರಟ್ಟು ಹಾಕುತ್ತಾರೆ.

ಇನ್ನು ನನ್ನ ಸಿಟ್ಟಿನ ಮಾತು. ಕ್ಲಬ್ಬಿನ ಗೋಡೆಯ ಮೇಲೆ ಆಳೆತ್ತರದ ಅಕ್ಷರಗಳಲ್ಲಿ 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?' ಎಂದು ಬರೆಸಿದ್ದಾರೆ. ಬರೆಸಿದವರು ದೊಡ್ಡ ಕೋಚ್. ವಯಸ್ಕರ ತಂಡವೊಂದರ ವಿಡಿಯೊ ನೋಡಿ, ದೊಡ್ಡ ಪೆಟ್ಟಿಗೆಯ ಮೇಲಿಂದ ದಿನಕ್ಕೆ ನಲವತ್ತು ಸಲ ಹಾರುವುದನ್ನು ಅವರು ಎಲ್ಲ ಮಕ್ಕಳಿಗೂ ಕಡ್ಡಾಯ ಮಾಡಹೊರಟವರು. "ಕಷ್ಟ ಅನ್ನೋದು ಎಳೆಯದ್ರಲ್ಲೇ ರೂಢಿ ಆಗ್ಬೇಕು ಮೇಡಂ. ಗಾದೆ ಸುಮ್ನೆ ಮಾಡಿದ್ದಾರಾ?" ಎಂದು ನನ್ನನ್ನೇ ಕೇಳಿದರು. ಟೇಪಕ್ಕ ಪಕ್ಕದಲ್ಲೇ ಇದ್ದರು. "ಗಾದೇಲಿ ಬಗ್ಗೋದು ಅಂತಿದೆ ಸರ್. ಮುರಿಯೋದು ಅಂತಿಲ್ಲ," ಎಂದರು. ದೊಡ್ಡ ಕೋಚ್ ತಮ್ಮ ಗಡಿಯಾರ ನೋಡಿಕೊಂಡರು.

ಕಳೆದ ವರ್ಷ, ಓಡಿಸಿ ಹಾರಿಸಿ ನೋಡುವ ಆಯ್ಕೆ ಪರೀಕ್ಷೆಯಲ್ಲಿ ಕ್ಲಬ್ಬಿನ ಸಮಿತಿಯವರು ಒಂಬತ್ತು ಮಕ್ಕಳನ್ನು ಹೊರಗೆ ಹಾಕಿದರು. ಫಲಿತಾಂಶದ ಹಾಳೆಯಲ್ಲಿ ಕಾರಣ ಎಂಬಲ್ಲಿ ಒಂಬತ್ತು ಸಲವೂ ಒಂದೇ ಪದ: 'ಸೋಮಾರಿತನ'. ಟೇಪಕ್ಕ ತಮ್ಮ ಪುಸ್ತಕ ತೆರೆದು ನೋಡಿದರು. ಒಂಬತ್ತರಲ್ಲಿ ಏಳು ಮಕ್ಕಳು ಆ ಸಮಯಕ್ಕೆ ಸರಿಯಾಗಿ ಜೀವನದಲ್ಲೇ ಅತಿ ವೇಗವಾಗಿ ಬೆಳೆಯುತ್ತಿದ್ದವರು. ಬೆಳೆದದ್ದಕ್ಕೆ ಶಿಕ್ಷೆ! ಅವರಲ್ಲಿ ಒಬ್ಬ ಹುಡುಗ ಈಗ ಫುಟ್‌ಬಾಲ್ ಎಂದರೆ ಎದ್ದು ಹೊರಗೆ ಹೋಗುತ್ತಾನಂತೆ. ಮಗುವಿನ ಹೆಸರಿನ ಮುಂದೆ ಅಂಥ ಪದ ಬರೆಯುವ ಮುನ್ನ ಒಂದು ಸಲ ಅದರ ಚಡ್ಡಿ ಎಷ್ಟು ಗಿಡ್ಡವಾಗಿದೆ ಎಂದಾದರೂ ನೋಡಬಾರದೇ? ಮನೆಯಲ್ಲಿ ಅಜ್ಜಿಯರಿಗೆ ತಿಳಿಯುವುದು ಸಮಿತಿಗೆ ತಿಳಿಯುವುದಿಲ್ಲವೇ?

ನಾಲ್ಕು ತಿಂಗಳ ಹಿಂದೆ ಈ ವರ್ಷದ ಪರೀಕ್ಷೆ ಬಂತು. ಕೊಕ್ಕರೆ ಹಿಂದಿನ ಒಂದು ವರ್ಷದಲ್ಲಿ ಒಂಬತ್ತು ಸೆಂಟಿಮೀಟರ್ ಬೆಳೆದಿದ್ದಳು. ಎಡ ಮೊಣಕಾಲ ಕೆಳಗೆ ಮುಟ್ಟಿದರೆ ಮುಖ ಕಿವುಚುತ್ತಿದ್ದಳು. ಬಸ್ ಓಡಿಸುವ ಅವಳ ಅಪ್ಪ ಸಮವಸ್ತ್ರದಲ್ಲೇ ಓಡಿ ಬಂದು ಕೈಮುಗಿದರು. "ಅಕ್ಕಾ, ಒಂದಿನದ ಮಾತು, ಹಲ್ಲು ಕಚ್ಚಿ ಹಾರ್ತಾಳೆ. ಬಿಟ್ಬಿಡಿ. ಇಲ್ಲಾಂದ್ರೆ ತೆಗೆದು ಹಾಕ್ತಾರೆ."

"ಅಣ್ಣಾ, ಬ್ರೇಕ್ ಸರಿಯಿಲ್ಲ ಅಂತ ಗೊತ್ತಿದ್ದೂ, ಒಂದೇ ಟ್ರಿಪ್ ತಾನೇ ಅಂತ ನೀವು ಬಸ್ ತೆಗೀತೀರಾ?"

ಅಪ್ಪ ಮುಗಿದ ಕೈ ಇಳಿಸಿದರು. ಟೇಪಕ್ಕ ಹನ್ನೊಂದು ಪುಸ್ತಕಗಳನ್ನು ಎದೆಗವಚಿಕೊಂಡು, ಅವಳ ಪರೀಕ್ಷೆ ಮುಂದೂಡಿ ಎಂದು ಕೇಳಲು ಸಮಿತಿಯ ಕೋಣೆಗೆ ಹೋದರು. ಉದ್ದ ಮೇಜು, ಏಳು ಕುರ್ಚಿ, ಏಳು ಜನ. ಮೇಜಿನ ತುದಿಯಲ್ಲಿದ್ದವರು ತಲೆಯೆತ್ತಿ, "ನೀವು ಯಾರು ಅಂದ್ರಿ?" ಎಂದು ಕೇಳಿದರಂತೆ. ಹನ್ನೊಂದು ವರ್ಷ! ಈ ಪ್ರಶ್ನೆಯನ್ನು ನನಗೆ ಹೇಳಿದ್ದು ಟೇಪಕ್ಕ ಅಲ್ಲ, ಆ ಕೋಣೆಯ ಬಾಗಿಲಲ್ಲಿ ಕೂರುವ ಜವಾನರು. ಯಾರೂ ಕೂರಿ ಎನ್ನದಿದ್ದಾಗ ಅವರು ತಮ್ಮದೇ ಸ್ಟೂಲನ್ನು ಒಳಗೆ ತಂದಿಟ್ಟು, "ಕೂತು ಮಾತಾಡಿ ಅಕ್ಕಾ," ಎಂದಿದ್ದರು. ಆ ದಿನ ಆ ಕೋಣೆಯಲ್ಲಿ ಮರ್ಯಾದೆ ಗೊತ್ತಿದ್ದವರು ಒಬ್ಬರಾದರೂ ಇದ್ದರು.

ಸಮಿತಿ ನಾಲ್ಕು ನಿಮಿಷ ಕೇಳಿತು. ಪುಸ್ತಕ ಯಾರೂ ತೆರೆಯಲಿಲ್ಲ. ಕೊನೆಗೆ ಒಂದು ಷರತ್ತು ಹಾಕಿದರು: "ಆರು ತಿಂಗಳು ಟೈಮ್ ಕೊಡ್ತೀವಿ. ಅಷ್ಟರಲ್ಲಿ ಆ ಹುಡುಗಿ ಪರೀಕ್ಷೆ ಪಾಸಾಗ್ಲಿಲ್ಲ ಅಂದ್ರೆ ಅವಳೂ ಇಲ್ಲ, ನೀವೂ ಇಲ್ಲ. ಬರ್ಕೊಡ್ತೀರಾ?"

"ಪೆನ್ ಕೊಡಿ," ಎಂದರು ಟೇಪಕ್ಕ.

ಮಗುವಿನ ಮೊಣಕಾಲು ಉಳಿಸುತ್ತೇನೆ ಎಂದವರಿಂದ ಕೆಲಸ ಬಿಡುವ ಮಾತು ಬರೆಸಿಕೊಂಡರು. ನಲವತ್ತು ಸಲ ಹಾರಿಸಿ ಕೆಡಿಸುವವರಿಂದ ಇದುವರೆಗೆ ಯಾರೂ ಏನೂ ಬರೆಸಿಕೊಂಡಿಲ್ಲ. ಇದನ್ನು ನನ್ನ ಟಿಪ್ಪಣಿಯಲ್ಲಿ ಎಷ್ಟು ಸಲ ಓದಿಕೊಂಡರೂ ಸಮಾಧಾನವಾಗುವುದಿಲ್ಲ.

ಇನ್ನು ಎರಡು ತಿಂಗಳು ಉಳಿದಿದೆ. ಇವತ್ತು ಬೆಳಿಗ್ಗೆ ಗುಂಪಿನಿಂದ ಹೊರಗೆ ಕರೆದು ಕೂರಿಸಿದ ಕೊಕ್ಕರೆಯ ಕಾಲನ್ನು ಟೇಪಕ್ಕ ತಮ್ಮ ತೊಡೆಯ ಮೇಲಿಟ್ಟುಕೊಂಡು ಒತ್ತಿ ನೋಡುತ್ತಾರೆ. ಮೊದಲಿನಷ್ಟಿಲ್ಲ, ಆದರೆ ಇದೆ.

"ಇಲ್ಲ ಅಂತ ಯಾಕೆ ಅಂದೆ?"

ಹುಡುಗಿ ಹುಲ್ಲು ಕೀಳುತ್ತಾಳೆ. "ನೋವು ಅಂದ್ರೆ ನಿಮ್ಮನ್ನ ಕಳಿಸ್ಬಿಡ್ತಾರಂತಲ್ಲ," ಎನ್ನುತ್ತಾಳೆ.

ಟೇಪಕ್ಕ ಅವಳ ಬೂಟಿನ ದಾರ ಕಟ್ಟುವುದನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ. "ಯಾರು ಹೇಳಿದ್ರು ನಿಂಗೆ?"

"ಎಲ್ರಿಗೂ ಗೊತ್ತು."

"ನನ್ನ ಕೆಲಸ ಹೊರೋಕೆ ನಿನ್ನ ಕಾಲು ಬೇಡ ಕಣಮ್ಮ. ಅದು ನಿನ್ನನ್ನ ಹೊತ್ರೆ ಸಾಕು. ನೋವಾದ್ರೆ ಮೊದ್ಲು ನಂಗೆ ಹೇಳ್ಬೇಕು. ಆಯ್ತಾ?" ದಾರ ಕಟ್ಟಿ ಮುಗಿಸಿ ಬೆನ್ನು ತಟ್ಟುತ್ತಾರೆ. ಇಂದಿನ ಪುಟದಲ್ಲಿ ಅವಳ ಹೆಸರಿನ ಮುಂದೆ 'ನೋವಿದೆ, ಹಾರುವುದು ಬೇಡ, ಎರಡು ವಾರ' ಎಂದು ಬರೆಯುತ್ತಾರೆ. ಎರಡು ತಿಂಗಳಲ್ಲಿ ಎರಡು ವಾರ ಹೋಯಿತು ಎಂದು ನನಗೂ ಗೊತ್ತಾಗುತ್ತದೆ, ಅವರಿಗೂ.

ಹನ್ನೆರಡು ವರ್ಷದ ಮಗು, ದೊಡ್ಡವರೊಬ್ಬರ ಅನ್ನ ಉಳಿಸಲು ನೋವು ನುಂಗಿಕೊಂಡು ಹಾರುತ್ತಿದೆ. ಇದನ್ನು ಯಾವ ತರಬೇತಿ ಎಂದು ಕರೆಯಬೇಕೋ ಆ ಏಳು ಜನ ಹೇಳಲಿ.

ಮಕ್ಕಳು ಶಾಲೆಗೆ ಹೊರಟ ಮೇಲೆ ಮೈದಾನ ಖಾಲಿಯಾಗುತ್ತದೆ. ಅವಳು ಪಾಸಾಗದಿದ್ದರೆ ಏನು ಮಾಡುತ್ತೀರಿ ಎಂದು ಕೇಳುತ್ತೇನೆ.

"ಇನ್ನೊಂದು ಕೆಲಸ ಹುಡುಕ್ತೀನಿ. ಸಿಗುತ್ತೆ. ಇನ್ನೊಂದು ಮೊಣಕಾಲು ಎಲ್ಲಿ ಸಿಗುತ್ತೆ, ಹೇಳಿ?"

ಸಮಿತಿಯವರು ಒಂದು ಸಲ ಕರೆದು ಏನು ಬೇಕು ಎಂದು ಕೇಳಿದರೆ? ಬೋರ್ಡಿನಲ್ಲಿ ಹೆಸರು ಬೇಡವೇ?

"ಅಯ್ಯೋ, ಫೋಟೋ ತೆಗೆಸ್ಕೊಳೋಕೆ ಯಾರಿಗೆ ಪುರುಸೊತ್ತಿದೆ?" ಪುಸ್ತಕ ಮುಚ್ಚಿ ಹೇಳುತ್ತಾರೆ: "ಆ ಫಲಿತಾಂಶದ ಹಾಳೆ ಇದೆಯಲ್ಲ, ಅದ್ರಲ್ಲಿ ಒಂದು ಕಾಲಂ ಜಾಸ್ತಿ ಆಗ್ಲಿ. 'ಈ ಮಗು ಈಗ ಎಷ್ಟು ಬೇಗ ಬೆಳೀತಿದೆ' ಅಂತ. ನಾನಿರ್ಲಿ, ಬಿಡ್ಲಿ, ಅದಿರ್ಲಿ. ಗೆರೆ ಬೇಕಾದ್ರೆ ನಾನೇ ಎಳೆದು ಕೊಡ್ತೀನಿ. ಅವರು ಜಾಗ ಬಿಟ್ರೆ ಸಾಕು."