ನೂರ ಇಪ್ಪತ್ತೇಳು ಹಲ್ಲಿನ ಗಾಲಿ

ನೂರ ಇಪ್ಪತ್ತೇಳನ್ನು ಒಡೆಯಲಾಗುವುದಿಲ್ಲ. ಎರಡರಿಂದ ಭಾಗಿಸಿ, ಮೂರರಿಂದ ಭಾಗಿಸಿ, ಏಳರಿಂದ, ಹನ್ನೊಂದರಿಂದ ಭಾಗಿಸಿ. ಶೇಷ ಉಳಿದೇ ಉಳಿಯುತ್ತದೆ. ಇದನ್ನು ನಿಮಗೆ ಸಾಲೆಯಲ್ಲಿ ಛಡಿ ಹಿಡಿದು ಕಲಿಸಿದ್ದಾರೆ. ಅಪವರ್ತನದ ಪಾಠ ಓದಿ, ಪಾಸಾಗಿ, ಮರೆತು ಕೈತೊಳೆದುಕೊಂಡಿದ್ದೀರಿ. ಹುಬ್ಬಳ್ಳಿ ಸ್ಟೇಶನ್ನಿನ ಹಿಂದಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಲೇಥಿನ ಮುಂದೆ ನಿಂತ ಉಸ್ಮಾನಸಾಬನಿಗೆ ಮಾತ್ರ ಅದನ್ನು ಮರೆಯುವ ಸವಲತ್ತು ಇರಲಿಲ್ಲ.

ಲೇಥು ಅಂದರೆ ಕಬ್ಬಿಣವನ್ನು ತಿರುಗಿಸುತ್ತ ಕೊರೆಯುವ ಯಂತ್ರ. ಅದರ ಮೇಲೆ ಒಂದು ಸ್ಕ್ರೂ ಕೊರೆಯಬೇಕಾದರೆ, ಎಳೆ ಎಷ್ಟು ದೂರಕ್ಕೊಂದು ಬರಬೇಕೋ ಅದಕ್ಕೆ ತಕ್ಕ ಹಲ್ಲಿನ ಗಾಲಿಗಳನ್ನು ಯಂತ್ರದ ಬದಿಗೆ ಜೋಡಿಸಬೇಕು. ಬೇಕಾದ ಸಂಖ್ಯೆ ಸಣ್ಣ ಸಂಖ್ಯೆಗಳಾಗಿ ಒಡೆದರೆ ಕಪಾಟಿನಲ್ಲಿದ್ದ ಗಾಲಿಗಳೇ ಸಾಕು. ಒಡೆಯದಿದ್ದರೆ ಹೊಸ ಗಾಲಿಯನ್ನೇ ಹುಟ್ಟಿಸಬೇಕು. ಇಷ್ಟೇ ವಿದ್ಯೆ. ಇಷ್ಟು ವಿದ್ಯೆ ಇಲ್ಲದೆ ಎಷ್ಟು ಜನ ಫೋರಮನ್ನರಾಗಿ ಪಿಂಚಣಿ ಎಣಿಸುತ್ತಿದ್ದಾರೆ ಎಂಬುದು ಬೇರೆ ಮಾತು.

ಉಸ್ಮಾನಸಾಬನಿಗೆ ಅಕ್ಷರ ಬರುತ್ತಿರಲಿಲ್ಲ. ಅಂಕಿ ಬರುತ್ತಿತ್ತು. ಬೈರಿದೇವರಕೊಪ್ಪದ ತನ್ನ ಮನೆಯ ನೆಲದ ಮೇಲೆ ಹುಣಸೆಬೀಜ ಸಾಲುಸಾಲಾಗಿ ಇಟ್ಟು ಸಂಖ್ಯೆ ಒಡೆಯುವುದನ್ನು ಅವನು ತಾನೇ ಕಲಿತ. ಸಾಲುಗಳು ಸರಿಯಾಗಿ ತುಂಬಿದರೆ ಸಂಖ್ಯೆ ಒಡೆಯುತ್ತದೆ. ಹೇಗಿಟ್ಟರೂ ಕೊನೆಯ ಸಾಲು ಮೊಂಡಾದರೆ ಅದು ಒಡೆಯದ ಸಂಖ್ಯೆ. ಅಂಥದಕ್ಕೆ ಅವನು ‘ಒಂಟಿ’ ಎಂದು ಹೆಸರಿಟ್ಟಿದ್ದ. ಅವನ ಹೆಂಡತಿ ಗುಲ್ಜಾರಬಿ ಈ ಆಟದಲ್ಲಿ ಗಂಡನಿಗಿಂತ ಚುರುಕು.

“ಎಂಥಾ ಟರ್ನರ್ ಅದೀರಿ ನೀವು? ತೊಂಬತ್ತೊಂದು ಒಂಟಿ ಅಂತ! ಇಲ್ನೋಡ್ರಿ, ಹದಿಮೂರರ ಏಳು ಸಾಲು. ಒಂದು ಬೀಜಾನೂ ಉಳದಿಲ್ಲ.”

“ಅಲ್ಲಿ ಸಾರು ತಳಾ ಹಿಡ್ಯಾಕತ್ತೈತಿ, ಮೊದ್ಲ ಅದನ್ನ ನೋಡು.”

“ಸೋತಾಗೊಮ್ಮೆ ನಿಮಗ ಸಾರಿನ ನೆನಪ ಬರತೈತಿ!”

ಹೀಗೆ ಐನೂರರವರೆಗಿನ ಸಂಖ್ಯೆಗಳೆಲ್ಲ ಅವನಿಗೆ ಓಣಿಯ ಜನರಿದ್ದ ಹಾಗೆ ಪರಿಚಯವಾದವು. ಕಾರ್ಖಾನೆಗೆ ಎತ್ತಿನ ಗಾಡಿಯ ಅಚ್ಚು, ಗಿರಣಿಯ ತಿರುಪು ಬರುತ್ತಿದ್ದ ಕಾಲ ಹೋಗಿ, ವಿಲಾಯತಿಯಿಂದ ಉಪಕರಣ ತರಿಸಲು ಕೈಲಾಗದ ಓದಿದ ಮಂದಿಯೂ ಬರತೊಡಗಿದರು. ಮಳೆಯ ಲೆಕ್ಕ ಇಡುವವರೊಬ್ಬರು ಮಳೆಯ ಗೆರೆ ಬೀಳುವ ಕಾಗದ ಸುತ್ತಲು, ವಾರಕ್ಕೆ ಒಂದೇ ಸುತ್ತು ತಿರುಗುವ ಡಬ್ಬಿ ಬೇಕೆಂದರು. ಗಡಿಯಾರದ ದೊಡ್ಡ ಮುಳ್ಳು ತಾಸಿಗೊಂದು ಸುತ್ತು. ವಾರಕ್ಕೆ ನೂರ ಅರವತ್ತೆಂಟು ತಾಸು. ಹನ್ನೆರಡು, ಹದಿನಾಲ್ಕು ಎಂದು ಒಡೆದು, ಎರಡು ಜೋಡಿ ಗಾಲಿಯಲ್ಲಿ ಕೆಲಸ ಮುಗಿಸಿದ.

ಸಪ್ತಾಪುರದ ಒಬ್ಬ ಮುದಿ ಗಣಿತದ ಮಾಸ್ತರರಿಗೆ ದುರ್ಬೀನು ತಾನಾಗಿ ಚುಕ್ಕಿಯ ಹಿಂದೆ ತಿರುಗಬೇಕಿತ್ತು. ಚುಕ್ಕಿ ದಿನದಿನವೂ ನಾಲ್ಕು ನಿಮಿಷ ಮೊದಲೇ ಬರುತ್ತದೆ. ನಮ್ಮ ದಿನದಲ್ಲಿ ನಾಲ್ಕು ನಿಮಿಷದ ಮುನ್ನೂರ ಅರವತ್ತು ತುಂಡುಗಳಿದ್ದರೆ ಚುಕ್ಕಿಯ ದಿನದಲ್ಲಿ ಮುನ್ನೂರ ಐವತ್ತೊಂಬತ್ತು.

“ಮಾಸ್ತರ್ರ, ಮುನ್ನೂರಾ ಐವತ್ತೊಂಬತ್ತು ಒಂಟಿ ಐತ್ರಿ. ಮುನ್ನೂರಾ ಅರವತ್ತು ಮಾಡಿ ಕೊಟ್ರ ಲಗೂ ಆಕ್ಕೈತಿ. ಆದ್ರ ತಾಸಿಗೆ ಹತ್ತು ಸೆಕೆಂಡ್ ಚುಕ್ಕಿ ಜಾರತೈತಿ. ನೀವು ಕೈಲೆ ನೂಕಬೇಕು.”

“ನೂಕತೇನಿ ತಗೋಪಾ. ಪಿಂಚಣಿ ತಗೊಂಡಾಂವಗ ಅದಕ್ಕಿಂತ ಛಲೋ ಕೆಲಸ ಏನೈತಿ?”

ಇದನ್ನು ಗಮನಿಸಿ. ತಪ್ಪು ಎಷ್ಟು ಎಂದು ಹೇಳಿ ಮಾಡಿದ ಅಂದಾಜು ಮೋಸವಲ್ಲ. ಅಕ್ಷರ ಬಾರದ ಈ ಮನುಷ್ಯನಿಗೆ ಅದು ಗೊತ್ತಿತ್ತು.

೧೯೩೬ರಲ್ಲಿ ಧಾರವಾಡದಿಂದ ಗಲಗಲಿ ಸಾಹೇಬರು ಬಂದರು. ಕೆಲವು ಗಿರಣಿ ಮಾಲೀಕರು ಕೂಡಿ ನಡೆಸುತ್ತಿದ್ದ ಹತ್ತಿ ತಳಿಗಳ ಪ್ರಯೋಗಶಾಲೆಗೆ ಅವರು ಮುಖ್ಯಸ್ಥರು. ಹತ್ತಿಯ ಎಳೆಯ ಉದ್ದ ಅಳೆಯುವ ಯಂತ್ರಕ್ಕೆ ಒಂದು ಸ್ಕ್ರೂ ಬೇಕಿತ್ತು. ಒಂದು ಸುತ್ತಿಗೆ ಸರಿಯಾಗಿ ಒಂದು ಮಿಲಿಮೀಟರ್ ಸರಿಯಬೇಕು. ಲೇಥು ಇಂಗ್ಲೆಂಡಿನದು, ಅದರ ನಡಿಗೆ ಇಂಚಿನದು. ಐದು ಇಂಚು ಅಂದರೆ ನೂರ ಇಪ್ಪತ್ತೇಳು ಮಿಲಿಮೀಟರ್. ಇಂಚನ್ನು ಮಿಲಿಮೀಟರ್ ಮಾಡಬೇಕಾದರೆ ನೂರ ಇಪ್ಪತ್ತೇಳು ಹಲ್ಲಿನ ಗಾಲಿ ಬೇಕೇ ಬೇಕು. ಕಪಾಟಿನಲ್ಲಿ ಅದಿರಲಿಲ್ಲ.

“ಹದಿನೈದು ದಿನ ಬೇಕ್ರಿ ಧಣ್ಯಾರ,” ಎಂದ ಉಸ್ಮಾನಸಾಬ.

ಕಾರ್ಖಾನೆಯ ಧಣಿ ಮಹಾಂತಯ್ಯ ಕೆಟ್ಟ ಮನುಷ್ಯನೇನಲ್ಲ. ಅವಸರದ ಮನುಷ್ಯ. ಅವಸರದವರು ಕೆಟ್ಟವರಿಗಿಂತ ಹೆಚ್ಚು ಹಾಳು ಮಾಡುತ್ತಾರೆ.

“ಹದಿನೈದು ದಿನಾನ? ಶನಿವಾರ ಕೊಡ್ತೇನಂತ ಮಾತ ಕೊಟ್ಟ ಬಂದೇನಿ. ಅರವತ್ಮೂರು ಹಲ್ಲಿಂದು ಐತಲ್ಲ, ಅದನ್ನ ಎರಡ ಪಟ್ಟು ಮಾಡು. ನೂರಾ ಇಪ್ಪತ್ತಾರು ಆತು.”

“ಒಂದು ಕಡಿಮಿ ಬೀಳತೈತ್ರಿ.”

“ಒಂದು ಹಲ್ಲು ಹೋದ್ರ ಮುದುಕರು ರೊಟ್ಟಿ ತಿನ್ನೋದು ಬಿಡ್ತಾರೇನೋ?”

“ಹಂಗಾರ ಒಂದು ಮಾತು ನಡಸ್ರಿ ಧಣ್ಯಾರ. ನೂರಾ ಇಪ್ಪತ್ತಾರು ಹಾಕೇವಿ ಅಂತ ಚೀಟಿ ಬರದು ಪೆಟಿಗ್ಯಾಗ ಇಡ್ರಿ. ನೂರಾ ಇಪ್ಪತ್ತಾರು ಸುತ್ತು ಬಂದ್ರ ಅವರು ನೂರಾ ಇಪ್ಪತ್ತೇಳು ಅಂತ ತಿಳ್ಕೋಬೇಕು. ಆಗ ಎಲ್ಲಾ ಸರಿ ಹೊಂದತೈತಿ.”

ಇದಕ್ಕಿಂತ ಸುಲಭದ ಪರಿಹಾರ ಯಾವ ಪದವೀಧರ ಹೇಳಿಯಾನು? ಮಹಾಂತಯ್ಯ ಒಪ್ಪಿದ. ಶನಿವಾರ ಸ್ಕ್ರೂವನ್ನು ಪೆಟ್ಟಿಗೆಯಲ್ಲಿಟ್ಟು, ಮೇಲೆ ಚೀಟಿ ಇಟ್ಟ. ಉಸ್ಮಾನಸಾಬ ಬಗ್ಗಿ ನೋಡಿದ. ಚೀಟಿಯಲ್ಲಿ ಅಂಕಿ ಕಾಣಲಿಲ್ಲ.

“ನಂಬರ್ ಎಲ್ಲೈತ್ರಿ?”

“ಅಕ್ಷರದಾಗ ಬರದೇನೋ ಮಾರಾಯಾ. ದೊಡ್ಡ ಮಂದಿಗೆ ಹಂಗ ಬರೀಬೇಕು.”

ಅವನು ನಂಬಿದ. ಅಂಕಿ ಮಾತ್ರ ಬಲ್ಲ ಮನುಷ್ಯ ಬೇರೇನು ಮಾಡಬೇಕಿತ್ತು? ಇನ್ನೊಬ್ಬರಿಂದ ಓದಿಸಬಹುದಿತ್ತು ಎಂದು ಮುಂದೆ ಅವನೇ ಹೇಳಿಕೊಂಡ, ಸಾಯುವವರೆಗೆ ಹೇಳಿಕೊಂಡ.

ಎರಡು ವರ್ಷ ಕಳೆಯಿತು. ಒಂದು ದಿನ ಮಧ್ಯಾಹ್ನ ಗಲಗಲಿ ಸಾಹೇಬರು ಟಾಂಗಾ ಇಳಿದು ನೇರ ಒಳಗೆ ಬಂದರು. ಮುಖ ಕಪ್ಪಿಟ್ಟಿತ್ತು. ನಡೆದದ್ದನ್ನು ನಿಂತಲ್ಲೇ ಹೇಳಿದರು. ಪ್ರಯೋಗಶಾಲೆಯಲ್ಲಿ ಇಪ್ಪತ್ತೆರಡು ಮಿಲಿಮೀಟರಿಗಿಂತ ಗಿಡ್ಡ ಎಳೆಯ ತಳಿಯನ್ನು ಇಟ್ಟುಕೊಳ್ಳುವುದಿಲ್ಲ ಎಂಬ ನಿಯಮವಿತ್ತು. ಆರು ವರ್ಷ ಆರಿಸಿ ಆರಿಸಿ ಬೆಳೆಸಿದ ಒಂದು ತಳಿ ಈ ಯಂತ್ರದ ಮೇಲೆ ಇಪ್ಪತ್ತೊಂದು ದಶಾಂಶ ಒಂಬತ್ತಕ್ಕೆ ಬಂದು, ಗೆರೆ ಮುಟ್ಟದೆ ನಿಂತಿತು. ಅದನ್ನು ಕೈಬಿಟ್ಟರು. ಬೀಜವೆಲ್ಲ ಎತ್ತುಗಳ ಮೇವಿಗೆ ಹೋಯಿತು. ಅದೇ ತಳಿಯ ಒಂದು ಹಿಡಿ ಹತ್ತಿ ಮೊದಲೇ ಮುಂಬೈಗೆ ಹೋಗಿತ್ತು. ಅಲ್ಲಿ ಅಳೆದವರು ಈಗ ಬರೆದಿದ್ದರು: ಇಪ್ಪತ್ತೆರಡಕ್ಕಿಂತ ಉದ್ದ, ಉತ್ತಮ ತಳಿ, ಬೀಜ ಕಳಿಸಿರಿ.

ಕಳಿಸಲು ಒಂದು ಕಾಳು ಉಳಿದಿರಲಿಲ್ಲ.

“ಸ್ಕ್ರೂ ಕೊರದಾಂವ ಯಾರು?” ಎಂದರು ಸಾಹೇಬರು.

“ಇಂವರಿ,” ಎಂದು ಮಹಾಂತಯ್ಯ ಕೈ ತೋರಿಸಿದ. “ಓದು ಬರಹ ಬರೂದಿಲ್ಲ, ಲೆಕ್ಕ ತಪ್ಪಿರಬೇಕ್ರಿ.”

ಉಸ್ಮಾನಸಾಬ ಎಣ್ಣೆಗೈ ಒರೆಸಿಕೊಂಡ. “ಲೆಕ್ಕ ತಪ್ಪಿಲ್ರಿ ಸಾಹೇಬ್ರ. ನೂರಾ ಇಪ್ಪತ್ತೇಳು ಬೇಕಿತ್ತು, ನೂರಾ ಇಪ್ಪತ್ತಾರು ಹಾಕೇನಿ. ತಿಳದ ಹಾಕೇನಿ. ಚೀಟ್ಯಾಗ ಬರದೈತ್ರಿ, ಓದ್ರಿ.”

ಸಾಹೇಬರು ಜೇಬಿನಿಂದ ಅದೇ ಚೀಟಿ ತೆಗೆದು ಗಟ್ಟಿಯಾಗಿ ಓದಿದರು: “ಮಿಲಿಮೀಟರ್ ಸ್ಕ್ರೂ ಒಂದು. ಅಳತೆ ಕರಾರುವಾಕ್ಕಾಗಿ ಇದೆ.”

ಉಸ್ಮಾನಸಾಬ ಧಣಿಯ ಮುಖ ನೋಡಿದ. ಧಣಿ ಅಂಗಳ ನೋಡಿದ.

“ನೂರ ಇಪ್ಪತ್ತೇಳು ಯಾಕ ಬೇಕಿತ್ತು ಅಂತ ನಿನಗ ಗೊತ್ತೇನು?” ಸಾಹೇಬರು ದನಿ ತಗ್ಗಿಸಿ ಕೇಳಿದರು.

“ಐದು ಇಂಚಿನ್ಯಾಗ ಅಷ್ಟ ಮಿಲಿಮೀಟರ್ ಕುಂದ್ರತಾವ್ರಿ. ಅದು ಒಂಟಿ, ಒಡಿಯೂದಿಲ್ಲ. ನಿಮ್ಮ ಬುಕ್ಕಿನ್ಯಾಗ ಇರೂ ಉದ್ದ ಎಲ್ಲಾ ನೂರಾ ಇಪ್ಪತ್ತೇಳರಿಂದ ಗುಣಸ್ರಿ, ನೂರಾ ಇಪ್ಪತ್ತಾರರಿಂದ ಭಾಗಿಸ್ರಿ. ಅಳತಿ ಖರೇ ಬರತೈತಿ. ಬೀಜ ಮಾತ್ರ ಬರೂದಿಲ್ರಿ.”

ಗಲಗಲಿ ಸಾಹೇಬರು ಅಲ್ಲೇ ಪೆನ್ಸಿಲು ತೆಗೆದು ಲೆಕ್ಕ ಮಾಡಿದರು. ಮುಂಬೈಯ ಅಳತೆಯೇ ಬಂತು. ಯಾರು ನಿಜ ಹೇಳುತ್ತಿದ್ದಾರೆಂದು ಅವರಿಗೆ ಆ ಕ್ಷಣವೇ ತಿಳಿದಿತ್ತು. ತಿಳಿದೂ ಚೀಟಿಯನ್ನು ಮಡಚಿ ಜೇಬಿಗಿಟ್ಟು ಟಾಂಗಾ ಹತ್ತಿದರು. ಪ್ರಯೋಗಶಾಲೆಯ ಕಮಿಟಿಯ ಅಧ್ಯಕ್ಷರು ಮಹಾಂತಯ್ಯನ ಬೀಗರಾಗಿದ್ದರು.

ಮರುದಿನದಿಂದ ಉಸ್ಮಾನಸಾಬನಿಗೆ ಕೆಲಸವಿರಲಿಲ್ಲ. ಓಣಿಯಲ್ಲಿ ಸುದ್ದಿ ಹಬ್ಬಿತು: ಹಲ್ಲು ಎಣಿಸಲು ಬಾರದ ಟರ್ನರ್. ಊರಿನ ಯಾವ ಕಾರ್ಖಾನೆಯೂ ಅವನನ್ನು ಸೇರಿಸಿಕೊಳ್ಳಲಿಲ್ಲ. ಬಡತನ ಅವನಿಗೆ ಹೊಸದಲ್ಲ. ಲೆಕ್ಕ ಬಾರದವನು ಎಂಬ ಮಾತು ಹೊಸದು, ಅದು ಅವನನ್ನು ಒಳಗೊಳಗೇ ತಿಂದಿತು.

“ನೀವು ಕೊರದದ್ದು ಖರೇ ಹೌದಲ್ರಿ?” ಎಂದಳು ಗುಲ್ಜಾರಬಿ ಒಂದು ಬೆಳಿಗ್ಗೆ. “ತಪ್ಪು ಅಂತ ಗೊತ್ತಿದ್ದೂ ಕೊರದ್ರಿ. ಈಗ ಅಳತಾ ಕುಂತ್ರ ಏನಾತು? ಆ ನೂರಾ ಇಪ್ಪತ್ತೇಳರ ಗಾಲಿ ಮಾಡ್ರಿ.”

ಮಾಡಿದ. ಹಳೆಯ ಬಂಡಿಚಕ್ರದಷ್ಟು ಅಗಲದ ಹಲಗೆಯ ಬಿಲ್ಲೆ ಕಡಿಸಿ, ಅದರ ಸುತ್ತಳತೆಯ ಕಾಗದದ ಪಟ್ಟಿಯ ಮೇಲೆ ನೂರ ಇಪ್ಪತ್ತೇಳು ಸಮ ಗುರುತು ಹಾಕಿ ಅಂಟಿಸಿದ. ದೊಡ್ಡ ಬಿಲ್ಲೆಯಲ್ಲಿ ಕೂದಲೆಳೆಯಷ್ಟು ತಪ್ಪಿದ್ದರೂ ಅದರ ನಡುವೆ ಕೂತ ಸಣ್ಣ ಹಿತ್ತಾಳೆ ಗಾಲಿಗೆ ಅದು ಲೆಕ್ಕಕ್ಕಿಲ್ಲ. ಒಂದು ಗುರುತಿಗೆ ಒಂದು ಹಲ್ಲು. ಗುಲ್ಜಾರಬಿ ಬಿಲ್ಲೆ ತಿರುಗಿಸಿ ಹಿಡಿಯುವುದು, ಅವನು ಅರದಿಂದ ಕೊರೆಯುವುದು. ಎರಡು ತಿಂಗಳಾಯಿತು. ಗಾಲಿಯನ್ನು ಧಾರವಾಡಕ್ಕೆ ಒಯ್ದು, ಸಾಹೇಬರ ಮೇಜಿನ ಮೇಲಿಟ್ಟು, “ಎಣಸ್ರಿ” ಎಂದ.

ಸಾಹೇಬರು ಎಣಿಸಿದರು. ಗಾಲಿ ಇಟ್ಟುಕೊಂಡರು. ಬೇರೆ ಕಾರ್ಖಾನೆಯಲ್ಲಿ ಅದೇ ಗಾಲಿ ಹಾಕಿಸಿ ಹೊಸ ಸ್ಕ್ರೂ ಕೊರೆಸಿದರು. ಆಮೇಲೆ ಆ ಪ್ರಯೋಗಶಾಲೆ ಆರಿಸಿದ ತಳಿಗಳನ್ನೆಲ್ಲ ಆ ಸ್ಕ್ರೂವಿನ ಮೇಲೆಯೇ ಅಳೆದದ್ದು.

೧೯೪೦ರಲ್ಲಿ ಪ್ರಯೋಗಶಾಲೆಯ ವರದಿ ಅಚ್ಚಾಯಿತು. ಹದಿನಾಲ್ಕನೆಯ ಪುಟದಲ್ಲಿ ಹೀಗಿದೆ: “ಅನಕ್ಷರಸ್ಥ ಕೆಲಸಗಾರನೊಬ್ಬನ ಅಜ್ಞಾನದಿಂದ ಎರಡು ವರ್ಷದ ಅಳತೆಗಳು ಕೆಟ್ಟವು, ಮುಂದೆ ದೋಷವನ್ನು ಸರಿಪಡಿಸಲಾಯಿತು.” ಸರಿಪಡಿಸಿದವನು ಯಾರೆಂದಿಲ್ಲ. ಕೊನೆಯ ಪುಟದಲ್ಲಿ ಶ್ರೀ ಮಹಾಂತಯ್ಯನವರ ಸಹಕಾರಕ್ಕೆ ವಂದನೆ ಇದೆ. ಪರಿಚಯದವರೊಬ್ಬರು ಹದಿನಾಲ್ಕನೆಯ ಪುಟ ಓದಿ ಹೇಳಿದಾಗ ಉಸ್ಮಾನಸಾಬ ಕೇಳಿದ್ದು ಒಂದೇ: “ನೂರಾ ಇಪ್ಪತ್ತೇಳು ಅಂತ ಎಲ್ಲೆರ ಬರದಾರೇನ್ರಿ?” ಇಲ್ಲ ಎಂದರು. ನಾಲ್ಕು ವರ್ಷ ಹೊಲಿಗೆ ಯಂತ್ರ ರಿಪೇರಿ ಮಾಡಿಕೊಂಡಿದ್ದು ಅವನು ತೀರಿಕೊಂಡ. ಅಜ್ಞಾನಿಯೆಂದು ಅಚ್ಚಾಗಿಯೇ ತೀರಿಕೊಂಡ.

ಆ ವರದಿ ಧಾರವಾಡದ ವಾಚನಾಲಯಗಳಲ್ಲಿದೆ. ಅದನ್ನು ಓದಿದ ನೀವು, ಓದಿ ತಲೆಯಾಡಿಸಿದ ನೀವು ಇನ್ನೂ ಬದುಕಿದ್ದೀರಿ. ನಾಳೆ ಬೆಳಿಗ್ಗೆ ಹೋಗಿ. ಹದಿನಾಲ್ಕನೆಯ ಪುಟ ತೆಗೆಯಿರಿ. ‘ಅಜ್ಞಾನ’ ಎಂಬ ಪದವನ್ನು ನಿಮ್ಮ ಕೈಯಿಂದಲೇ ಹೊಡೆದುಹಾಕಿ, ಅದರ ಪಕ್ಕದಲ್ಲಿ ಉಸ್ಮಾನಸಾಬ, ಬೈರಿದೇವರಕೊಪ್ಪ ಎಂದು ಮಸಿಯಲ್ಲಿ ಬರೆಯಿರಿ.