ಹೊಳೆ ದಂಡೆಯಲ್ಲಿ ಹೇಳಿದ ಮಾತು

ಮುಳಬಾಗಿಲಿನಲ್ಲಿ ಹೆಂಗಸರು ನೆಮ್ಮದಿಯಾಗಿ ಮಾತಾಡಬಹುದಾದ ಜಾಗ ಯಾವುದು ಎಂದು ಕೆಲವು ವರ್ಷಗಳ ಹಿಂದೆ ಯಾರಾದರೂ ಕೇಳಿದ್ದರೆ, ಹೊಳೆ ದಂಡೆ ಎಂದುಬಿಡುತ್ತಿದ್ದೆ. ಮನೆಯಲ್ಲಿ ಯಾವುದಾದರೊಂದು ಕೋಣೆಯಲ್ಲಿ ಯಾರಾದರೂ ಇದ್ದೇ ಇರುತ್ತಾರೆ. ದೇವಸ್ಥಾನಕ್ಕೆ ಹೋದರೆ ಪರಿಚಯದವರು. ಹೊಳೆಯ ಕಡೆ ಎಮ್ಮೆ ಹೊಡೆದುಕೊಂಡು ಬರುವವರು ಬಿಟ್ಟರೆ ಇನ್ನು ಯಾರ ಕಾಟವೂ ಇಲ್ಲ.

ನಾನು ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಸಣ್ಣ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಖಾಲಿ ಹೊಟ್ಟೆಯಲ್ಲಿ ಬರುವವರಿಗಾಗಿ ಬೆಳಿಗ್ಗೆ ಬೇಗ ಬಾಗಿಲು ತೆಗೆಯಬೇಕು. ಅದಕ್ಕೇ ನನ್ನ ನಡಿಗೆ ಏನಿದ್ದರೂ ಸಂಜೆ. ಆಗಲೇ ನಲವತ್ತು ದಾಟಿತ್ತು, ಮದುವೆಯಾಗಿಲ್ಲ. ಅಪ್ಪ ತೀರಿಕೊಂಡ ಮೇಲೆ ಅಮ್ಮ, ಅಣ್ಣ, ಅತ್ತಿಗೆ, ನಾನು ಒಂದೇ ಮನೆಯಲ್ಲಿದ್ದೆವು. ಅಣ್ಣ ಅಪ್ಪನ ಹಾಗೆಯೇ ಪೇಟೆಯ ಅಂಗಡಿಗಳ ಲೆಕ್ಕ ನೋಡುತ್ತಿದ್ದ. ಅಮ್ಮನಿಗೆ ಲಕ್ವ ಹೊಡೆದು ಎಡಗೈ, ಎಡಗಾಲು ಸ್ವಾಧೀನ ತಪ್ಪಿದ್ದವು. ಅವಳ ಸ್ನಾನ, ಊಟ, ಇನ್ಸುಲಿನ್ ಎಲ್ಲ ನನ್ನ ಪಾಲಿಗೆ. ಅದು ನನಗೆ ಹೊರೆ ಅನ್ನಿಸಿರಲಿಲ್ಲ. ಅಮ್ಮನ ಮಾತು ಮಾತ್ರ ಸ್ಪಷ್ಟವಾಗಿಯೇ ಉಳಿದಿತ್ತು, ತಮಾಷೆಯೂ ಉಳಿದಿತ್ತು.

ಒಂದು ದಿನ ಲ್ಯಾಬಿಗೆ ಒಬ್ಬಳು ಬಂದಳು. ರಾಯಲ್ಪಾಡಿನ ಕಡೆಯವಳು, ಮದುವೆಯಾಗಿ ಮುಳಬಾಗಿಲಿಗೆ ಬಂದಿದ್ದಳು. ನನಗಿಂತ ಏಳೆಂಟು ವರ್ಷ ಚಿಕ್ಕವಳು. ಗಂಡ ಟೊಮೆಟೊ ಮಂಡಿ ವ್ಯಾಪಾರದವನು. ಮನೆ ತುಂಬ ಜನ: ಅತ್ತೆ, ಮಾವ, ಮೈದುನಂದಿರು, ಅವರ ಹೆಂಡಿರು, ಮಕ್ಕಳು. ಡಾಕ್ಟರು ದಿನಾ ನಡೆಯಲು ಹೇಳಿದ್ದರಂತೆ. "ಒಬ್ಬಳೇ ನಡೀತೀನಿ ಅಂದ್ರೆ ಮನೇಲಿ ಬಿಡಲ್ಲ ಅಕ್ಕಾ. ನೀವು ಹೊಳೆ ಕಡೆ ಹೋಗ್ತೀರಂತಲ್ಲ, ನಾನೂ ಬರ್ಲಾ?" ಅಂದಳು.

ನನಗೆ ಮನಸ್ಸಿರಲಿಲ್ಲ. ಒಬ್ಬಳೇ ನಡೆದು ಅಭ್ಯಾಸ. ಆದರೂ ಬಾ ಎಂದೆ. ವಾರ ಕಳೆಯುವುದರೊಳಗೆ ನೀವು ಹೋಗಿ ನೀನು ಆಯಿತು.

ಏನೂ ಕಷ್ಟವಿಲ್ಲದ ದಾರಿ ಅದು. ಬಡಾವಣೆ ಮುಗಿದ ಮೇಲೆ ಕೆರೆ ಏರಿ. ಏರಿ ಇಳಿದರೆ ಹೊಂಗೆ ಮರಗಳ ಸಾಲು, ಆಮೇಲೆ ಹೊಳೆ. ನಮ್ಮ ಕಡೆ ಹೊಳೆ ಅಂದರೆ ಬಹಳ ವರ್ಷ ಬರೀ ಮರಳೇ. ಈಚೆಗೆ ಒಳ್ಳೆ ಮಳೆಯಾಗಿ ನೀರು ಹರಿದಾಗ ಊರವರೆಲ್ಲ ಬಂದು ನಿಂತು ನೋಡಿ ಹೋದರು. ದಂಡೆಗುಂಟ ಗಾಡಿ ಜಾಡು ಹಿಡಿದು ಹೋದರೆ ಅರಣ್ಯ ಇಲಾಖೆಯ ಕಾಡು. ದೊಡ್ಡ ಕಾಡೇನಲ್ಲ. ನೀಲಗಿರಿ, ಜಾಲಿ, ಅಲ್ಲಲ್ಲಿ ಸೀತಾಫಲದ ಪೊದೆ, ಸಾಯಂಕಾಲ ಕೂಗುವ ನವಿಲು. ಅಲ್ಲೊಂದು ಹಾಸುಬಂಡೆ. ಅದರ ಮೇಲೆ ಕೂತರೆ ಒಂದು ಕಡೆ ನಮ್ಮ ಊರಿನ ಕೋಟೆ ಬೆಟ್ಟ, ಇನ್ನೊಂದು ಕಡೆ ಆಂಧ್ರದ ಗುಡ್ಡಗಳು ಕಾಣುತ್ತವೆ. ಭಾನುವಾರ ನಾವು ಬಸ್ಸು ಹತ್ತಿ ಗಡಿಯ ಹತ್ತಿರ ಇಳಿದು, ಆ ಕಡೆಯ ಕಾಡಂಚಿನಲ್ಲಿ ನಡೆದು, ಯಾವುದಾದರೂ ಹೋಟೆಲಿನಲ್ಲಿ ದೋಸೆ ತಿಂದು ವಾಪಸಾಗುತ್ತಿದ್ದೆವು. ಅವಳು ಅಲ್ಲಿ ಬಾಯ್ತುಂಬ ತೆಲುಗು ಮಾತಾಡುತ್ತಿದ್ದಳು. ಮನೆಯಲ್ಲಿ ಅವಳ ತೆಲುಗು ಹಳ್ಳಿ ತೆಲುಗು ಎಂದು ಓರಗಿತ್ತಿಯರು ನಗುತ್ತಿದ್ದರಂತೆ.

ನಡೆಯುತ್ತಾ ನಡೆಯುತ್ತಾ ಅವಳು ಎಲ್ಲ ಹೇಳುತ್ತಿದ್ದಳು. ಅತ್ತೆ ಅಡುಗೆಮನೆಯಲ್ಲಿ ಡಬ್ಬಿಗಳಿಗೆ ಬೀಗ ಹಾಕುವುದು, ಗಂಡ ಟೊಮೆಟೊ ರೇಟಿನ ಮಾತು ಬಿಟ್ಟು ಬೇರೆ ಮಾತೇ ಆಡದಿರುವುದು. ಅದರಲ್ಲಿ ಒಂದೇ ಒಂದು ಮಾತೂ ನನ್ನ ಬಾಯಿಂದ ಆಚೆ ಹೋಗಿಲ್ಲ. ಅವಳ ಅತ್ತೆ ವಾರಕ್ಕೊಂದು ಸಲ ಲ್ಯಾಬಿಗೆ ಬರುತ್ತಿದ್ದರು, ಬಂದಾಗಲೆಲ್ಲ ಕೆದಕುತ್ತಿದ್ದರು. ನಗುತ್ತಾ ಸೂಜಿ ಚುಚ್ಚಿ ಕಳಿಸುತ್ತಿದ್ದೆ.

ಲ್ಯಾಬಿಗೆ ಬೇಕಾದ ಕಿಟ್ಟು, ದ್ರಾವಣಗಳನ್ನು ಕೋಲಾರದಿಂದ ತಂದುಕೊಡುತ್ತಿದ್ದವರೊಬ್ಬರಿದ್ದರು. ಐವತ್ತು ದಾಟಿದವರು, ಹೆಂಡತಿ ಕಾಯಿಲೆಯಲ್ಲಿ ತೀರಿಕೊಂಡಿದ್ದರು, ಮಗಳ ಮದುವೆಯಾಗಿತ್ತು. ಮಾತು ಕಡಿಮೆ. ಬಂದಾಗ ಸಾಮಾನು ಇಟ್ಟು ಹತ್ತು ನಿಮಿಷ ಕೂತು ಟೀ ಕುಡಿದು ಹೋಗುವರು. ಬರಬರುತ್ತಾ ಹತ್ತು ನಿಮಿಷ ಅರ್ಧ ಗಂಟೆಯಾಯಿತು. ಒಂದು ಸಲ ಅಮ್ಮನಿಗೆಂದು ಗಾಲಿಕುರ್ಚಿಯ ಮೇಲೆ ಹಾಕುವ ಮೆತ್ತನೆ ದಿಂಬು ತಂದರು. ನಾನು ಕೇಳಿರಲಿಲ್ಲ. ಯಾವಾಗಲೋ ಮಾತಿನ ಮಧ್ಯೆ ಅಮ್ಮನ ಬೆನ್ನು ನೋಯುತ್ತದೆ ಎಂದಿದ್ದೆನಂತೆ.

ಆಮೇಲೆ ಒಂದು ದಿನ ಅವರೇ ಕೇಳಿದರು. "ನಿಮಗೆ ಒಪ್ಪಿಗೆ ಇದ್ರೆ ಮದುವೆ ಆಗೋಣ. ನಿಮ್ಮ ತಾಯಿ ನಮ್ಮ ಜೊತೆಗೇ ಇರ್ತಾರೆ. ಯೋಚನೆ ಮಾಡಿ, ಅವಸರ ಇಲ್ಲ."

ನಾಲ್ಕು ದಿನ ಯಾರಿಗೂ ಹೇಳದೆ ತಿರುಗಿದೆ. ಅವರು ಇನ್ನೊಂದು ಸಲ ಬಂದಾಗ, "ಯುಗಾದಿ ಕಳೀಲಿ, ಮನೇಲಿ ನಾನೇ ಹೇಳ್ತೀನಿ" ಎಂದೆ. ಅದು ಒಪ್ಪಿಗೆಯೇ ಎಂದು ಅವರಿಗೆ ಗೊತ್ತಾಯಿತು. ನನ್ನ ಮುಖ ಬಿಸಿಯಾಗಿದ್ದು ನನಗೂ ಗೊತ್ತಾಯಿತು. ಆ ವಯಸ್ಸಿನಲ್ಲಿ!

ಆ ಸಂಜೆ ಹಾಸುಬಂಡೆಯ ಮೇಲೆ ಕೂತು ಅವಳಿಗೆ ಹೇಳಿದೆ. ಹೇಳದೆ ಇರಲಾಗಲಿಲ್ಲ. ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. "ಅಯ್ಯೋ ದೇವುಡಾ! ಅಕ್ಕಾ, ನಿಜವಾ? ಮತ್ತೆ ನೀನು ಕೋಲಾರಕ್ಕೆ ಹೋಗ್ತೀಯಾ?"

"ಹೂಂ ಕಣೇ. ಯಾರಿಗೂ ಹೇಳ್ಬೇಡ. ಯುಗಾದಿ ಆಗ್ಲಿ."

"ನಾನ್ಯಾಕೆ ಹೇಳ್ಲಿ ಅಕ್ಕಾ," ಅಂದಳು. ವಾಪಸು ಬರುವಾಗ ಅವಳು ಮಾತೇ ಆಡಲಿಲ್ಲ. ಸಂತೋಷಕ್ಕೆ ಮಾತು ಹೊರಡುತ್ತಿಲ್ಲ ಎಂದುಕೊಂಡೆ.

ಯುಗಾದಿಗೆ ಮುಂಚೆಯೇ ಅವರು ಬರುವುದು ನಿಂತುಹೋಯಿತು. ಸಾಮಾನು ಕೊಡಲು ಬೇರೊಬ್ಬ ಹುಡುಗ ಬಂದ. ಅವರಿಗೇನಾಯಿತು ಎಂದು ಕೇಳಿದರೆ, "ಅವರಿಗೆ ಈಗ ಬಂಗಾರಪೇಟೆ ಲೈನ್ ಮೇಡಂ" ಎಂದ. ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಲು ಮನಸ್ಸು ಒಪ್ಪಲಿಲ್ಲ. ಹಬ್ಬ ಬಂತು, ಹೋಯಿತು. ಮನೆಯಲ್ಲಿ ಹೇಳಲು ಏನೂ ಉಳಿದಿರಲಿಲ್ಲ. ಅತ್ತಿಗೆ ಆ ದಿನಗಳಲ್ಲಿ ನನ್ನ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ತೋರಿಸತೊಡಗಿದ್ದಳು. ಹಬ್ಬಕ್ಕೆ ಸೀರೆ ತಂದಳು, ಒಬ್ಬಟ್ಟಿಗೆ ಕೇಳಿದ್ದಕ್ಕಿಂತ ಜಾಸ್ತಿ ತುಪ್ಪ ಸುರಿದಳು. ನನಗೆ ಅದರ ಅರ್ಥ ಆಗಲಿಲ್ಲ.

ಅದೇ ಬಂಡೆಯ ಮೇಲೆ ಕೂತು ಒಂದು ಸಂಜೆ ಅತ್ತುಬಿಟ್ಟೆ. ಅವಳು ನನ್ನ ಬೆನ್ನು ಸವರುತ್ತಾ, "ಗಂಡಸರೇ ಹಂಗೆ ಅಕ್ಕಾ. ಬಿಟ್ಬಿಡು. ನಾನಿದೀನಲ್ಲ" ಅಂದಳು. ಸೆರಗಿನಿಂದ ನನ್ನ ಮುಖ ಒರೆಸಿದಳು. ಇವಳಾದರೂ ಇದ್ದಾಳಲ್ಲ ಎಂದು ನಿಜವಾಗಿಯೂ ಸಮಾಧಾನವಾಯಿತು.

ಮಳೆಗಾಲ ಶುರುವಾಗುವ ಹೊತ್ತಿಗೆ ಲ್ಯಾಬಿನಲ್ಲಿ ಡೆಂಗಿ ಪರೀಕ್ಷೆಯ ಕಿಟ್ಟು ಮುಗಿದುಹೋಗಿ, ತರಲು ನಾನೇ ಕೋಲಾರಕ್ಕೆ ಹೋಗಬೇಕಾಯಿತು. ಅಂಗಡಿಯೊಳಗೆ ಕಾಲಿಟ್ಟರೆ ಎದುರಿಗೆ ಅವರೇ. ಕೈಯಲ್ಲಿದ್ದ ಪೆಟ್ಟಿಗೆ ಕೆಳಗಿಟ್ಟು, "ಚೆನ್ನಾಗಿದೀರಾ?" ಎಂದರು. ಮುಖ ನೋಡಲಿಲ್ಲ.

"ನಾನು ಚೆನ್ನಾಗಿದೀನಿ. ನೀವು ಒಂದು ಮಾತು ಹೇಳಿ ಹೋಗಬಹುದಿತ್ತು" ಎಂದೆ.

ಅವರಿಗೆ ಆಶ್ಚರ್ಯವಾಯಿತು. "ನೀವೇ ಹೇಳಿ ಕಳಿಸಿದ್ರಲ್ಲ?"

"ನಾನಾ? ಯಾರ ಹತ್ರ?"

"ನಿಮ್ಮಣ್ಣ ಬಂದಿದ್ರು. ತಂಗಿಗೆ ಇಷ್ಟ ಇಲ್ಲ, ಮುಖಕ್ಕೆ ಹೇಳೋಕೆ ಸಂಕೋಚ, ಅದಕ್ಕೇ ಯುಗಾದಿ ಅಂತ ದಿನ ತಳ್ತಿದಾಳೆ, ಇನ್ಮೇಲೆ ಲ್ಯಾಬಿಗೂ ಬರ್ಬೇಡಿ, ಅವಳು ದಾಕ್ಷಿಣ್ಯಕ್ಕೆ ಫೋನ್ ಮಾಡಿದ್ರೂ ಎತ್ತಬೇಡಿ, ಅವಳಿಗೆ ಹಿಂಸೆ ಆಗತ್ತೆ ಅಂದ್ರು. ಯುಗಾದಿ ವಿಷಯ ನೀವು ಹೇಳದೆ ಅವರಿಗೆ ಹೇಗೆ ಗೊತ್ತಾಗತ್ತೆ? ನಾನು ನಂಬಿದೆ."

ಅಂಗಡಿಯ ಫ್ಯಾನು ತಿರುಗುತ್ತಿತ್ತು. ನಾನು ಕಿಟ್ಟಿನ ಚೀಟಿ ಕೌಂಟರ್ ಮೇಲಿಟ್ಟೆ. ಅವರು ಮೆಲ್ಲಗೆ, "ಶ್ರೀನಿವಾಸಪುರದ ಕಡೆ ಒಂದು ಸಂಬಂಧ ಒಪ್ಪಿಕೊಂಡುಬಿಟ್ಟೆ. ಹೋದ ತಿಂಗಳು ಮದುವೆ ಆಯ್ತು" ಎಂದರು.

"ನನ್ನನ್ನೊಂದು ಮಾತು ಕೇಳಬಾರದಿತ್ತಾ?" ಎಂದೆ. ಕಿಟ್ಟು ತೆಗೆದುಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಯುಗಾದಿಯ ಮಾತು ನಾನು ಯಾರಿಗೆ ಹೇಳಿದ್ದೆ ಎಂದು ನೆನಪಿಸಿಕೊಳ್ಳುತ್ತಿದ್ದೆ. ನೆನಪಿಸಿಕೊಳ್ಳುವುದಕ್ಕೇನಿತ್ತು? ಅವರನ್ನು ಬಿಟ್ಟರೆ ಗೊತ್ತಿದ್ದದ್ದು ಒಬ್ಬಳಿಗೆ.

ಮನೆಗೆ ಬಂದರೆ ಅಣ್ಣ ಕಾಫಿ ಕುಡಿಯುತ್ತಿದ್ದ. "ಕೋಲಾರಕ್ಕೆ ಹೋಗಿದ್ಯಾ ಅಣ್ಣ, ನನ್ನ ಪರವಾಗಿ?" ಎಂದೆ.

ಲೋಟ ಕೆಳಗಿಟ್ಟ. ಸುಳ್ಳು ಹೇಳಲಿಲ್ಲ, ಅಷ್ಟು ಮಟ್ಟಿಗೆ ಒಳ್ಳೆಯವನು. "ನಿನ್ನ ಒಳ್ಳೇದಕ್ಕೇ ಕಣೇ. ಈ ವಯಸ್ಸಲ್ಲಿ ಜನ ಏನಂತಾರೆ? ಅಮ್ಮನ್ನ ಯಾರು ನೋಡ್ಕೋತಾರೆ?"

"ಅಮ್ಮನ್ನ ಕರ್ಕೊಂಡು ಹೋಗ್ತೀನಿ ಅಂತಲೇ ಇದ್ದಿದ್ದು."

"ಕರ್ಕೊಂಡು ಹೋದ್ರೆ ನನ್ನ ಮರ್ಯಾದೆ? ತಾಯಿನ ಅಳಿಯನ ಮನೆಗೆ ಸಾಗ್ಹಾಕ್ದ ಅಂತಾರೆ."

"ನಿಂಗ್ಯಾರು ಹೇಳಿದ್ರು?"

ಅಡುಗೆಮನೆಯಿಂದ ಅತ್ತಿಗೆ, "ನಿನ್ನ ಜೊತೆ ನಡಿಯೋಳೇ ಬಂದು ಹೇಳಿದ್ಲು. ನಾವೇನು ಕನಸು ಕಂಡ್ವಾ?" ಎಂದಳು.

ಸೀರೆ ಬದಲಿಸದೆ ಹಾಗೆಯೇ ಹೊರಟೆ. ಅವಳು ಕೆರೆ ಏರಿಯ ಮೇಲೆ ನನಗಾಗಿ ಕಾಯುತ್ತಿದ್ದಳು. "ಯಾಕಕ್ಕಾ ಲೇಟು?" ಎಂದು ನಕ್ಕಳು. ನನ್ನ ಮುಖ ನೋಡಿ ನಗು ನಿಂತಿತು.

"ನಮ್ಮ ಮನೆಗೆ ಹೋಗಿ ಹೇಳಿದ್ಯಾ?"

ಮೊದಲು ಏನು, ಏನಕ್ಕಾ ಎಂದಳು. ಆಮೇಲೆ ಏರಿಯ ಕಲ್ಲಿನ ಮೇಲೆ ಕೂತುಬಿಟ್ಟಳು. "ನೀನು ಕೋಲಾರಕ್ಕೆ ಹೊರಟೋದ್ರೆ ನಂಗೆ ಯಾರಿದಾರೆ ಅಕ್ಕಾ? ಈ ಒಂದು ಹೊತ್ತು ಬಿಟ್ರೆ ನಂದು ಅಂತ ಏನಿದೆ? ನೀನಿಲ್ದೆ ನನ್ನ ಆಚೆ ಬಿಡಲ್ಲ ಅವರು. ನಿಮ್ಮತ್ತಿಗೆ ಬೇಡ ಅಂತಾರೆ, ನೀನು ಒಂದಷ್ಟು ದಿನ ತಡ ಮಾಡ್ತೀಯ ಅಂದ್ಕೊಂಡೆ. ನಿಮ್ಮಣ್ಣ ಹೋಗಿ ಹಂಗೆಲ್ಲ ಹೇಳ್ತಾರೆ ಅಂತ ನಂಗೆ ಗೊತ್ತಿರ್ಲಿಲ್ಲ."

"ಆಮೇಲೆ ಗೊತ್ತಾಯ್ತಲ್ಲ? ನಾನು ಅತ್ತಾಗ ಗೊತ್ತಿತ್ತಾ?"

"ಗೊತ್ತಿತ್ತು" ಎಂದಳು.

"ಗೊತ್ತಿದ್ದೂ ಬೆನ್ನು ಸವರಿದೆ."

"ಅಕ್ಕಾ, ಕ್ಷಮಿಸು ಅಕ್ಕಾ," ಎಂದು ಕಾಲು ಹಿಡಿಯಲು ಬಗ್ಗಿದಳು. ನಾನು ಹಿಂದೆ ಸರಿದೆ. ಅವಳು ಹೇಳಿದ್ದು ಸುಳ್ಳಲ್ಲ. ಆ ಮನೆಯಲ್ಲಿ ಅವಳ ಪಾಡು ನನ್ನಷ್ಟು ತಿಳಿದವರು ಯಾರೂ ಇರಲಿಲ್ಲ. ಹಗೆಯಿಂದ ಮಾಡಿದ್ದರೆ ನಾಲ್ಕು ಮಾತು ಬೈದು ಹಗುರಾಗುತ್ತಿದ್ದೆನೇನೋ. ನನ್ನ ಮೇಲಿನ ಆಸೆಗೇ ನನ್ನನ್ನು ಮಾರಿದಳಲ್ಲ, ಅದಕ್ಕೆ ಏನು ಬೈಯಲಿ? "ನಾಳೆಯಿಂದ ಬರ್ಬೇಡ" ಎಂದಷ್ಟೇ ಹೇಳಿ ಮನೆಯ ಕಡೆ ತಿರುಗಿದೆ. ಹಿಂದಿನಿಂದ ಅವಳು ಕರೆಯುತ್ತಲೇ ಇದ್ದಳು.

ಶ್ರಾವಣಕ್ಕೆ ಮುಂಚೆ ಲ್ಯಾಬಿನ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಮನೆ ಬಾಡಿಗೆಗೆ ಹಿಡಿದು ಅಮ್ಮನನ್ನು ಕರೆದುಕೊಂಡು ಬಂದುಬಿಟ್ಟೆ. ಅಣ್ಣ ಕೂಗಾಡಿದ. ಅತ್ತಿಗೆ ಅಕ್ಕಪಕ್ಕದವರಿಗೆ ಕೇಳಿಸುವಂತೆ ಅತ್ತಳು. ಅಮ್ಮ ಮಾತ್ರ ಆಟೋದಲ್ಲಿ ಕೂರಿಸಿದಾಗ, "ಆ ಕಡೆ ಬೀದೀಲಿ ನೀರು ಸರಿಯಾಗಿ ಬರತ್ತೇನೇ?" ಎಂದು ಕೇಳಿದಳು.

ಈಗಲೂ ನಡೆಯುತ್ತೇನೆ, ಆದರೆ ಹೊಳೆ ಕಡೆಗಲ್ಲ, ಬೆಟ್ಟದ ಬುಡದ ರಸ್ತೆಯಲ್ಲಿ. ಅಲ್ಲಿ ನೆರಳು ಕಡಿಮೆ, ಲಾರಿಗಳ ಧೂಳು. ಅವಳು ಕೆಲವು ದಿನ ಹೊಸ ಮನೆಯ ಬಾಗಿಲಿಗೆ ಬಂದಳು. ಒಳಗೆ ಕರೆಯಲಿಲ್ಲ. ಆಮೇಲೆ ಅವಳನ್ನು ಮನೆಯಲ್ಲೇ ನಡಿ ಎಂದು ಮಹಡಿಗೆ ಹತ್ತಿಸಿದರಂತೆ, ತಾರಸಿಯ ಮೇಲೆ ಸುತ್ತುತ್ತಾಳಂತೆ. ಕೇಳಿದಾಗ ಎದೆ ಚುರುಕ್ಕೆಂದಿತು. ಆದರೂ ಹೋಗಿ ಕರೆಯಲು ಕಾಲು ಬರಲಿಲ್ಲ.

ಅಮ್ಮನಿಗೆ ಎಲ್ಲ ಹೇಳಿದ್ದು ಹೊಸ ಮನೆಗೆ ಬಂದು ಬಹಳ ದಿನವಾದ ಮೇಲೆ, ಒಂದು ಮಧ್ಯಾಹ್ನ ಅವಳ ತಲೆ ಬಾಚುವಾಗ. ಮಧ್ಯೆ ಬಾಯಿ ಹಾಕದೆ ಕೇಳಿದಳು. ಮಗನನ್ನು ಬೈಯಲಿಲ್ಲ, ನನ್ನ ಗೆಳತಿಯನ್ನೂ ಬೈಯಲಿಲ್ಲ.

"ಅವರು ಒಳ್ಳೆಯವರಾಗಿದ್ರೇನೇ?" ಎಂದು ಕೇಳಿದಳು.

"ಗೊತ್ತಿಲ್ಲಮ್ಮ," ಎಂದೆ. "ಗೊತ್ತುಮಾಡ್ಕೊಳ್ಳೋಕೆ ಯಾರೂ ಬಿಡ್ಲಿಲ್ಲ."

ಅಮ್ಮ ಸರಿಯಿದ್ದ ಕೈಯನ್ನು ಹಿಂದಕ್ಕೆ ಚಾಚಿ ನನ್ನ ಮೊಣಕೈ ಹಿಡಿದುಕೊಂಡಳು. ಜಡೆ ಅರ್ಧಕ್ಕೇ ನಿಂತಿತ್ತು. ಹೊರಗೆ ಯಾರೋ ಟೊಮೆಟೊ ಕೂಗುತ್ತಾ ಹೋದರು. ಅವಳು ಕೈ ಬಿಡುವವರೆಗೂ ನಾನು ಹಾಗೆಯೇ ಕೂತಿದ್ದೆ.